ಗಂಡ ಹೆಂಡತಿ ಇಬ್ಬರೇ ಸ್ಟೀಲ್ ಫ್ರೇಮ್ ಮನೆ ಕಟ್ಟೋಕೆ ಆಗುತ್ತಾ?

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದೊಂದು ಸೈಟ್ ಇದೆ. ನಾನೂ ನನ್ನ ಹೆಂಡತಿಯೂ ಸೇರಿ ಕಬ್ಬಿಣದ ಕಂಬ, ತೊಲೆ ನಿಲ್ಲಿಸಿ ಸಣ್ಣ ಮನೆ ಕಟ್ಟಿಕೊಳ್ಳಬೇಕು ಅಂತಿದ್ದೇವೆ. ಕ್ರೇನ್ ಇಲ್ಲದೆ ಇಬ್ಬರಿಂದಲೇ ಆಗುತ್ತಾ?

ಆಗುತ್ತದೆ. ಪಾಂಡವಪುರದ ಹತ್ತಿರ ನಾನೂ ನಮ್ಮ ಯಜಮಾನರೂ ಹೀಗೇ ಕಟ್ಟಿಕೊಂಡ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಆದರೆ ಒಂದು ಷರತ್ತು. ಮನೆಯ ಯಾವ ತುಂಡೂ ನೀವಿಬ್ಬರು ಎತ್ತಲಾಗದಷ್ಟು ಭಾರ ಇರಬಾರದು. ಕಬ್ಬಿಣ ಕೊಂಡ ಮೇಲೆ ಇದನ್ನು ಯೋಚಿಸಿದರೆ ಆಗಲ್ಲ. ನಕ್ಷೆ ಬರೆಯುವ ದಿನವೇ ಸ್ಟ್ರಕ್ಚರಲ್ ಎಂಜಿನಿಯರಿಗೆ ಹೇಳಬೇಕು.

ತೂಕ ನೋಡಿ. 200 ಮಿಲಿಮೀಟರ್ ಎತ್ತರದ ಐ ಬೀಮ್ ಮೀಟರಿಗೆ ಸುಮಾರು 25 ಕಿಲೋ ತೂಗುತ್ತದೆ. 6 ಮೀಟರ್ ಉದ್ದದ್ದು 150 ಕಿಲೋ. ಇಬ್ಬರಿಂದ ಅಲುಗಾಡಿಸೋದೂ ಕಷ್ಟ. ಅದೇ 100ಕ್ಕೆ 100ರ, 4 ಮಿಲಿಮೀಟರ್ ದಪ್ಪದ ಬಾಕ್ಸ್ ಪೈಪ್ ಮೀಟರಿಗೆ 12 ಕಿಲೋಗೂ ಸ್ವಲ್ಪ ಕಡಿಮೆ. 10 ಅಡಿಯ ಕಂಬ 36 ಕಿಲೋ ಆಯ್ತು. ಒಂದೊಂದು ತುದಿ ಹಿಡಿದರೆ ಒಬ್ಬೊಬ್ಬರಿಗೆ 18 ಕಿಲೋ.

ಆದರೆ ಹಗುರ ಪೈಪನ್ನು ತುಂಬ ದೂರ ಚಾಚಿದರೆ ಬಾಗುತ್ತದೆ. ಅದಕ್ಕೆ ಕಂಬಗಳನ್ನು ಹತ್ತಿರ ತರಬೇಕು. ನಮ್ಮ ಕಡೆಯ ಹಳೇ ತೊಟ್ಟಿ ಮನೆಗಳನ್ನು ನೋಡಿದ್ದೀರಲ್ವಾ? ಎಷ್ಟು ಅಂಕಣದ ಮನೆ ಅಂತ ಕೇಳುತ್ತಿದ್ದರೇ ಹೊರತು ಎಷ್ಟು ಅಡಿ ಅಂತಲ್ಲ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ನಾವೂ ಹಾಗೇ ಮಾಡಿದೆವು. 18ಕ್ಕೆ 24 ಅಡಿಯ ಮನೆ. 18 ಅಡಿಯಲ್ಲಿ 9 ಅಡಿಯ ಎರಡು ಅಂಕಣ, 24 ಅಡಿಯಲ್ಲಿ 8 ಅಡಿಯ ಮೂರು. ಒಟ್ಟು 12 ಕಂಬ. ಯಾವ ತೊಲೆಯೂ 33 ಕಿಲೋ ದಾಟಲಿಲ್ಲ. ಮನೆಯೊಳಗೆ ಎರಡು ಕಂಬ ಬಂದವು. ಒಂದು ಅಡುಗೆಮನೆ ಗೋಡೆಯಲ್ಲಿ ಸೇರಿಕೊಂಡಿತು. ಇನ್ನೊಂದಕ್ಕೆ ಒರಗಿ ಕೂತು ನಮ್ಮತ್ತೆ ಅವರೆಕಾಯಿ ಬಿಡಿಸುತ್ತಾರೆ. ಇದು ನಮ್ಮ ಮನೆಯ ಅಳತೆ. ನಿಮ್ಮ ಪೈಪಿನ ಅಳತೆ, ದಪ್ಪ ಎರಡನ್ನೂ ಎಂಜಿನಿಯರೇ ಹೇಳಬೇಕು.

ಎತ್ತುವುದಕ್ಕಿಂತ ಕಷ್ಟದ್ದು ಪಾಯದ ಬೋಲ್ಟು. ಇಟ್ಟಿಗೆ ಗೋಡೆ ಅರ್ಧ ಇಂಚು ಆಚೀಚೆ ಆದರೆ ಗಾರೆಯಲ್ಲಿ ಮುಚ್ಚಿಹೋಗುತ್ತದೆ. ಕಬ್ಬಿಣದಲ್ಲಿ ಹಾಗಲ್ಲ. ಕಂಬದ ಬುಡದ ಪ್ಲೇಟಿನ ನಾಲ್ಕು ತೂತಿಗೆ ಕಾಂಕ್ರೀಟಿನಲ್ಲಿ ಹೂತ ನಾಲ್ಕು ಬೋಲ್ಟು ಕೂಡಲೇಬೇಕು. 18 ಮತ್ತು 24 ಅಡಿ ಇಟ್ಟುಕೊಂಡದ್ದು ಇಲ್ಲಿ ಅನುಕೂಲವಾಯಿತು. ಎದುರುಬದುರು ಮೂಲೆಗೆ ಟೇಪು ಹಿಡಿದರೆ ಸರಿಯಾಗಿ 30 ಅಡಿ ಬರಬೇಕು. ಎರಡೂ ಕಡೆ 30 ಬರುವ ತನಕ ದಾರ ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿ ಅರ್ಧ ದಿನ ಕಳೆದೆವು.

ಇಷ್ಟಾದರೂ ಒಂದು ತಪ್ಪಾಯಿತು. ಬೋಲ್ಟುಗಳನ್ನು ತೂತು ಕೊರೆದ ಪ್ಲೈವುಡ್ ಹಲಗೆಗೆ ಬಿಗಿದು ಗುಂಡಿಯ ಮೇಲೆ ಕೂರಿಸಿದ್ದೆವು. ಕಾಂಕ್ರೀಟ್ ಸುರಿಯುವಾಗ ಒಂದು ಹಲಗೆ ಜರುಗಿದ್ದನ್ನು ಯಾರೂ ನೋಡಲಿಲ್ಲ. ಮಾರನೇ ದಿನ ನೋಡಿದರೆ ನಾಲ್ಕೂ ಬೋಲ್ಟು ಮುಕ್ಕಾಲು ಇಂಚು ಪಕ್ಕಕ್ಕೆ ಹೋಗಿವೆ. ಬಗ್ಗಿಸಿ ಸರಿಮಾಡೋಣ ಅಂದರು ಯಜಮಾನರು. ಎಂಜಿನಿಯರ್ ಬೇಡವೇ ಬೇಡ ಅಂದರು. ಆ ಕಂಬಕ್ಕೆ ತೂತಿನ ಜಾಗ ಬದಲಿಸಿ ದೊಡ್ಡ ಪ್ಲೇಟು ಮಾಡಿಸಬೇಕಾಯಿತು. ನೀವು ಕಾಂಕ್ರೀಟ್ ಹಸಿ ಇರುವಾಗಲೇ ಮತ್ತೊಮ್ಮೆ ಟೇಪು ಹಿಡಿಯಿರಿ. ಆ ಒಂದು ದಿನ ಆಳು ಕರೆದುಕೊಂಡರೆ ನಿಮ್ಮ ಕೈಗೆ ಅಳತೆ ನೋಡುವಷ್ಟು ಬಿಡುವು ಸಿಗುತ್ತದೆ.

ವೆಲ್ಡಿಂಗ್ ಕೂಡ ನಾವೇ ಮಾಡಬೇಕು ಅಂತ ಹಟ ಬೇಡ. ಮೇಲೆ ಚೆನ್ನಾಗಿ ಕಾಣುವ ಬೆಸುಗೆ ಒಳಗೆ ಕೂಡಿಕೊಂಡಿರದೇ ಇರಬಹುದು. ಪ್ಲೇಟುಗಳನ್ನು ಶೆಡ್ಡಿನಲ್ಲೇ ವೆಲ್ಡ್ ಮಾಡಿಸಿ ತಂದು, ಸೈಟಿನಲ್ಲಿ ಬರೀ ನಟ್ಟು ಬೋಲ್ಟು ಬಿಗಿಯಿರಿ.

ನಿಲ್ಲಿಸುವಾಗ ಮೊದಲು ಒಂದು ಮೂಲೆಯ ಅಂಕಣ ಪೂರ್ತಿ ಮಾಡಿ. ನಾಲ್ಕು ಕಂಬ, ನಾಲ್ಕು ತೊಲೆ, ಆಮೇಲೆ ಓರೆಯಾಗಿ ಪಟ್ಟಿ. ನಾಲ್ಕು ಕಡ್ಡಿ ಸೇರಿಸಿದ ಚೌಕವನ್ನು ತಳ್ಳಿದರೆ ವಾಲುತ್ತದೆ. ಓರೆಗೊಂದು ಕಡ್ಡಿ ಕೊಟ್ಟರೆ ಅಲ್ಲಾಡಲ್ಲ. ತೊಲೆಯನ್ನು ಏಣಿ ಮೇಲೆ ನಿಂತು ಕೈಯಲ್ಲಿ ಎತ್ತಬೇಡಿ. ಸಾರವೆ ಕಟ್ಟಿ ಚೈನ್ ಪುಲ್ಲಿಯಲ್ಲಿ ಎಳೆಯಿರಿ. ಓರೆಪಟ್ಟಿ ಬಿಗಿಯದೆ ಒಂದು ಕಂಬವನ್ನೂ ರಾತ್ರಿಗೆ ಬಿಡಬೇಡಿ. ಏಪ್ರಿಲ್, ಮೇ ತಿಂಗಳ ಮಳೆಗೆ ಮುಂಚೆ ಬೀಸುವ ಗಾಳಿ ತೆಂಗಿನ ಮರವನ್ನೇ ಕೆಡವುತ್ತದೆ. ಭಾರತೀಯ ಮಾನಕದಲ್ಲಿ ಮೈಸೂರಿಗೆ ಹಿಡಿದಿರುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಕಾಂಕ್ರೀಟ್ ಮನೆ ತನ್ನ ಭಾರದಲ್ಲೇ ಕೂತಿರುತ್ತದೆ. ಹಗುರ ಮನೆಯ ಚಾವಣಿಯನ್ನು ಗಾಳಿ ಮೇಲಕ್ಕೆ ಎಳೆಯುತ್ತದೆ, ಪಾಯದ ಆ ಬೋಲ್ಟುಗಳೇ ಅದನ್ನು ಹಿಡಿದಿಡಬೇಕು.

ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆ ಪಕ್ಕದ ಸೈಟಾದರೆ ನೆಲದಲ್ಲಿ ತೇವ ಜಾಸ್ತಿ. ಕಂಬದ ಬುಡ ಮಣ್ಣಿಗೆ ತಾಕಬಾರದು. ನೆಲದಿಂದ ಒಂದು ಗೇಣು ಮೇಲಕ್ಕೆ ಕಾಂಕ್ರೀಟ್ ಎಬ್ಬಿಸಿ, ಅದರ ಮೇಲೆ ಪ್ಲೇಟು ಕೂರಿಸಿ. ಪೈಪಿನ ಬಾಯಿಗಳನ್ನೆಲ್ಲ ಮುಚ್ಚಿಸಿ. ಒಳಗೆ ನೀರು ನಿಂತರೆ ತುಕ್ಕು ಹಿಡಿಯೋದು ಕಣ್ಣಿಗೇ ಕಾಣಲ್ಲ.

ಚಾವಣಿಗೆ ಬರೀ ಶೀಟು ಹಾಕಿದರೆ ಬೇಸಿಗೆಯಲ್ಲಿ ಒಳಗೆ ಕೂರೋಕಾಗಲ್ಲ. ನಾವು ಮಂಗಳೂರು ಹೆಂಚು ಹೊದಿಸಿದೆವು. ನಿಮಗೂ ಹೆಂಚೇ ಬೇಕಿದ್ದರೆ ಎಂಜಿನಿಯರಿಗೆ ಮೊದಲೇ ಹೇಳಿ. ಅದರ ಭಾರ ನೋಡಿಕೊಂಡೇ ಅವರು ಪೈಪು ಆರಿಸುತ್ತಾರೆ.