ಹುಕುಂ ಇಲ್ಲದ ಕೂಟದಲ್ಲಿ ಯುವ ಪಾಸ್ಟರ್‌ಗಳ ಕೆಲಸ: ನಾರ್ಥಾಂಪ್ಟನ್‌ಶೈರ್, 1784–1792

ಸಭಾ ಚರಿತ್ರೆ ಓದುತ್ತಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬ್ಯಾಪ್ಟಿಸ್ಟರು ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ; ಬ್ಯಾಪ್ಟಿಸ್ಟ್ ಅಸೋಸಿಯೇಷನ್ ಅಂದರೆ ಅಕ್ಕಪಕ್ಕದ ಊರುಗಳ ಸಭೆಗಳ (ಚರ್ಚ್‌ಗಳ) ಒಕ್ಕೂಟ, ಇಷ್ಟು ಗೊತ್ತೇ ಇದೆ. ತೊಡಕು ಇರುವುದು ಅದರ ಅಧಿಕಾರದ ವಿಷಯದಲ್ಲಿ.

ಅಸೋಸಿಯೇಷನ್ ಸಭೆಗಳ ಮೇಲಧಿಕಾರಿ ಅಲ್ಲ. ಪಾಸ್ಟರನ್ನು ಕರೆಯುವುದು, ಬಿಡಿಸುವುದು, ಸದಸ್ಯರನ್ನು ಸೇರಿಸುವುದು, ಕಾಣಿಕೆ ಹಣ ಬಳಸುವುದು ಎಲ್ಲ ಆಯಾ ಸಭೆಯ ಕೈಯಲ್ಲೇ ಇದೆ. ಒಂದು ಸಭೆ ದಾರಿ ತಪ್ಪಿತು ಅನ್ನಿ. ಅಸೋಸಿಯೇಷನ್ ಬುದ್ಧಿ ಹೇಳಬಹುದು. ಕೇಳದಿದ್ದರೆ ತನ್ನ ಪಟ್ಟಿಯಿಂದ ಹೆಸರು ತೆಗೆಯಬಹುದು. ಆದರೆ ಆ ಸಭೆಯ ಪಾಸ್ಟರನ್ನು ತೆಗೆಯಲು ಆಗದು, ಬಾಗಿಲು ಮುಚ್ಚಿಸಲೂ ಆಗದು. ಪಟ್ಟಿ ಅದರದು, ಸಭೆ ಅದರದಲ್ಲ. ಇಷ್ಟು ಹಿಡಿದುಕೊಂಡರೆ ಉಳಿದದ್ದು ಸಲೀಸು.

ಹಾಗಾದರೆ ಯುವ ಪಾಸ್ಟರ್ ಅದರ ವಾರ್ಷಿಕ ಕೂಟಕ್ಕೆ ಯಾಕೆ ಹೋಗಬೇಕು? ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಅಸೋಸಿಯೇಷನ್ ನೋಡಿ. 1784ರ ಕೂಟದಲ್ಲಿ ಓಲ್ನಿಯ ಪಾಸ್ಟರ್ ಜಾನ್ ಸಟ್‌ಕ್ಲಿಫ್ ಒಂದು ಸಲಹೆ ಇಟ್ಟರು: ಪ್ರತಿ ತಿಂಗಳ ಮೊದಲ ಸೋಮವಾರ ಸಂಜೆ ಒಂದು ಗಂಟೆ ಕಾಲ, ಎಲ್ಲ ಸಭೆಗಳೂ ತಮ್ಮ ತಮ್ಮ ಊರಲ್ಲೇ ಸೇರಿ, ಸುವಾರ್ತೆ ಹರಡಲಿ ಎಂದು ಪ್ರಾರ್ಥಿಸಬೇಕು. ಅವರಿಗೆ ಆಗ 31 ವರ್ಷ. ಜೊತೆಗಿದ್ದ ಕೆಟರಿಂಗ್‌ನ ಆಂಡ್ರ್ಯೂ ಫುಲ್ಲರ್‌ಗೆ 30. ಸುಮ್ನೆ ಒಂದು ವಿನಂತಿ, ಅಷ್ಟೇ. ಆದರೂ ಸಭೆಗಳು ಒಪ್ಪಿದವು. ನನಗೆ ಈ ಭಾಗ ತುಂಬಾ ಇಷ್ಟ.

1792ರ ಮೇ ತಿಂಗಳಲ್ಲಿ, ನಾಟಿಂಗ್‌ಹ್ಯಾಮ್ ಕೂಟದಲ್ಲಿ, ಲೆಸ್ಟರ್‌ನ ವಿಲಿಯಂ ಕೇರಿ ಬೈಬಲ್‌ನ ಯೆಶಾಯ 54:2-3ರ ಮೇಲೆ ಬೋಧಿಸಿದರು. ಅವರಿಗೂ 30 ವರ್ಷ. ಹೊರದೇಶಗಳಲ್ಲಿ ಸುವಾರ್ತೆ ಸಾರಲು ಜನರನ್ನು ಕಳಿಸುವ ಮಿಷನ್ ಸಂಘಕ್ಕೊಂದು ಯೋಜನೆ ಸಿದ್ಧಪಡಿಸಬೇಕೆಂದು ಅಲ್ಲೇ ತೀರ್ಮಾನವಾಯಿತು. ಅಕ್ಟೋಬರ್ 2ರಂದು ಕೆಟರಿಂಗ್‌ನ ಒಂದು ಮನೆಯಲ್ಲಿ ಸಂಘ ಹುಟ್ಟಿತು. ಅಲ್ಲಿದ್ದವರು ಕೊಡುತ್ತೇವೆಂದು ಬರೆಸಿದ ಮೊತ್ತ 13 ಪೌಂಡ್ 2 ಶಿಲಿಂಗ್ 6 ಪೆನ್ಸ್.

ಇಲ್ಲಿ ಜಾಗ್ರತೆ: ಸಂಘ ಕಟ್ಟಿದ್ದು ಅಸೋಸಿಯೇಷನ್ ಅಲ್ಲ, ಅಲ್ಲಿ ಪರಿಚಯವಾದ ಪಾಸ್ಟರ್‌ಗಳು ಮತ್ತು ಗೆಳೆಯರು. ಅಸೋಸಿಯೇಷನ್ ಕೊಟ್ಟದ್ದು ವೇದಿಕೆ, ವರ್ಷ ವರ್ಷದ ಒಡನಾಟ. ಹುದ್ದೆಗಾಗಿ ಮಾತ್ರ ಹೋಗುವ ಯುವಕರಿಗೆ ಇದು ಸಿಗುವುದಿಲ್ಲ ಅಂತ ನನ್ನ ಅನಿಸಿಕೆ.

ಕೇರಿ ಬಂಗಾಳಕ್ಕೆ ಹೋದರು. ಅವರ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾಯಿತು. ಫುಲ್ಲರ್ ಕೆಟರಿಂಗ್‌ನಲ್ಲೇ ಪಾಸ್ಟರ್ ಆಗಿ ಉಳಿದು, 1815ರಲ್ಲಿ ತೀರಿಕೊಳ್ಳುವವರೆಗೂ ಸಂಘದ ಕಾರ್ಯದರ್ಶಿಯಾಗಿ ಹಣ ಕೂಡಿಸುತ್ತಾ ಊರೂರು ಸುತ್ತಿದರು.