ಹುಲ್ಲಿನ ಬೆಂಕಿ ಎಂದು ಸಸಾರ ಬೇಡ: ಕಾಡ್ಗಿಚ್ಚಿನ ಹಳೆಯ ದುರಂತಗಳಿಂದ ಕಲಿಯುವುದು

ಉಡುಪಿ, ಕಾರ್ಕಳ, ಹೆಬ್ರಿ ಕಡೆಯಿಂದ ಕಾಡ್ಗಿಚ್ಚಿನ ತರಬೇತಿಗೆ ತಯಾರಾಗುತ್ತಿರುವವರಿಗೆ ಈ ಟಿಪ್ಪಣಿ. ದುರಂತದ ಕತೆ ಓದುವಾಗ ‘ಇಷ್ಟೂ ಗೊತ್ತಾಗಲಿಲ್ವಾ ಇವರಿಗೆ’ ಅನ್ನಿಸುವುದು ಸಹಜ. ಹಾಗೆ ಓದಿದರೆ ಏನೂ ಕಲಿಯುವುದಿಲ್ಲ. ಆ ಹೊತ್ತಿಗೆ ಅವರ ಕಣ್ಣಿಗೆ ಏನು ಬಿದ್ದಿತ್ತು, ಏನು ಬಿದ್ದಿರಲಿಲ್ಲ ಅಂತ ಕೇಳಿಕೊಳ್ಳಿ.

ಮೊದಲು ಮ್ಯಾನ್ ಗಲ್ಚ್ ಎಂಬ ಕಣಿವೆ. 1949ರ ಆಗಸ್ಟ್ 5, ಅಮೆರಿಕದ ಮೊಂಟಾನಾ ರಾಜ್ಯ. ಬೆಂಕಿ ಆರಿಸುವ 15 ಮಂದಿ ವಿಮಾನದಿಂದ ಪ್ಯಾರಾಚೂಟ್‌ನಲ್ಲಿ ಇಳಿದರು, ಕೆಳಗೆ ಇನ್ನೊಬ್ಬರು ಸೇರಿಕೊಂಡರು. ರೇಡಿಯೋದ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ರೇಡಿಯೋ ಒಡೆದುಹೋಯಿತು. ಬೆಂಕಿ ಇದ್ದದ್ದು ಎದುರಿನ ಇಳಿಜಾರಿನಲ್ಲಿ. ನದಿ ಬೆನ್ನಿಗಿರಲಿ ಅಂತ ಕಣಿವೆಯಲ್ಲಿ ಕೆಳಗೆ ನಡೆದರು. ಅಷ್ಟರಲ್ಲಿ ಗಾಳಿಗೆ ಕಿಡಿ ಹಾರಿ ಅವರ ಮುಂದೆಯೇ ಬೆಂಕಿ ಹತ್ತಿತು. ನದಿಯ ದಾರಿ ಮುಚ್ಚಿತು. ಉಳಿದದ್ದು ಒಣಹುಲ್ಲಿನ ಕಡಿದಾದ ಏರು. ಮುಖಂಡ ವ್ಯಾಗ್ ಡಾಡ್ಜ್ ಸಲಕರಣೆ ಬಿಸಾಡಲು ಹೇಳಿದರು. ಆಮೇಲೆ ಮುಂದಿದ್ದ ಹುಲ್ಲಿಗೆ ತಾವೇ ಕಡ್ಡಿ ಗೀರಿ, ಸುಟ್ಟ ಜಾಗದೊಳಗೆ ಬನ್ನಿ ಅಂತ ಕೂಗಿದರು. ಯಾರೂ ಬರಲಿಲ್ಲ. ಅಂಥದ್ದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ, ನೋಡುವವರಿಗೆ ಅದು ಹುಚ್ಚಾಟ. ಡಾಡ್ಜ್ ಬೂದಿಯಲ್ಲಿ ಮುಖ ಕೆಳಗೆ ಮಾಡಿ ಮಲಗಿ ಬದುಕಿದರು. ಇನ್ನಿಬ್ಬರು ಗುಡ್ಡದ ನೆತ್ತಿ ದಾಟಿ ಪಾರಾದರು. 13 ಮಂದಿ ಸತ್ತರು.

ಅಂದರೆ ಜೇಬಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡರೆ ಸಾಕು ಅಂತಲ್ಲ, ದಯವಿಟ್ಟು! ಹುಲ್ಲು ಬೇಗ ಉರಿದು ಮುಗಿಯುತ್ತದೆ, ಹಾಗಾಗಿ ಅದು ಅಲ್ಲಿ ನಡೆಯಿತು. ದಟ್ಟ ಮರದ ಕಾಡಿನಲ್ಲಿ ನಡೆಯುವುದಿಲ್ಲ. ನನಗೆ ಇಲ್ಲಿ ದೊಡ್ಡದಾಗಿ ಕಾಣುವುದು ಬೇರೆ: ಮೊದಲೇ ಒಟ್ಟಿಗೆ ಅಭ್ಯಾಸ ಮಾಡದ ಉಪಾಯವನ್ನು ಜೀವ ಹೋಗುವ ಹೊತ್ತಿನಲ್ಲಿ ಯಾರೂ ನಂಬುವುದಿಲ್ಲ.

ಅಮೆರಿಕದ ಕಾಡ್ಗಿಚ್ಚು ಸಂಶೋಧಕ ಕಾರ್ಲ್ ವಿಲ್ಸನ್ ಎಂಬವರು ಇಂಥ ಸಾವುಗಳನ್ನೆಲ್ಲ ಹೋಲಿಸಿ ನೋಡಿದರು. ಹೆಚ್ಚಿನವು ಸಣ್ಣ ಬೆಂಕಿಯಲ್ಲಿ, ಇಲ್ಲವೇ ದೊಡ್ಡ ಬೆಂಕಿಯ ಶಾಂತವಾಗಿದ್ದ ಮೂಲೆಯಲ್ಲಿ ಆದವು. ಉರಿದದ್ದು ಹುಲ್ಲು, ಕುರುಚಲು. ಗಾಳಿ ತಟ್ಟನೆ ತಿರುಗಿದ್ದು. ಬೆಂಕಿ ಏರಿನತ್ತ ಓಡಿದ್ದು. ಇಳಿಜಾರು 10 ಡಿಗ್ರಿ ಜಾಸ್ತಿಯಾದರೆ ಮೇಲಕ್ಕೆ ಹೋಗುವ ಬೆಂಕಿಯ ವೇಗ ಸುಮಾರು ದುಪ್ಪಟ್ಟು.

ಇದನ್ನು ನಮ್ಮ ಕಡೆಗೆ ಹೊಂದಿಸಿ ನೋಡಿ. ಬೇಸಿಗೆ ಬಂತೆಂದರೆ ಪದವಿನ (ಗುಡ್ಡದ ಮೇಲಿನ ಬಯಲಿನ) ಮುಳಿಹುಲ್ಲು ಕಡ್ಡಿಯಾಗಿರುತ್ತದೆ. ಕುದುರೆಮುಖದ ಹುಲ್ಲುಗುಡ್ಡಗಳೂ ಹಾಗೇ. ಮಧ್ಯಾಹ್ನ ಕಡಲ ಗಾಳಿ ಘಟ್ಟದ ಕಡೆ ಬೀಸುತ್ತದೆ, ಬಿಸಿಯೇರಿದ ಇಳಿಜಾರಿನಲ್ಲೂ ಗಾಳಿ ಮೇಲಕ್ಕೇ ಏರುತ್ತದೆ. ಬುಡದಲ್ಲಿ ಬೆಂಕಿ, ಮೇಲೆ ನಾವು ಅಂದರೆ ಲೆಕ್ಕ ಕೆಟ್ಟಿತು. ಸೊಪ್ಪಿನಲ್ಲಿ ಬಡಿದು ಆರಿಸುವಾಗಲೂ ಸುಟ್ಟ ಕಡೆಯಿಂದ, ಬದಿಯಿಂದ ಹೋಗಿ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲೂಕಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಸುಟ್ಟಗಾಯದಿಂದ ತೀರಿಕೊಂಡರು. ಇದು ದೂರದ ದೇಶದ ವಿಷಯ ಮಾತ್ರ ಅಲ್ಲ.

ಪರೀಕ್ಷೆಗೆ ಬರುವ ‘ಎಲ್‌ಸಿಇಎಸ್’ 1991ರಲ್ಲಿ ಅಮೆರಿಕದ ಕಾಡ್ಗಿಚ್ಚು ಆರಿಸುವವರಲ್ಲಿ ಒಬ್ಬರಾದ ಪಾಲ್ ಗ್ಲೀಸನ್ ಕೊಟ್ಟದ್ದು, ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ: ಕಾವಲಿಗೆ ಒಬ್ಬ, ಸಂಪರ್ಕ, ಪಾರಾಗುವ ದಾರಿ, ಸುರಕ್ಷಿತ ಜಾಗ. ನಾಲ್ಕೂ ಒಟ್ಟಿಗೆ ಇರಬೇಕು. 2013ರ ಜೂನ್ 30ರಂದು ಅರಿಜೋನಾದ ಯಾರ್ನೆಲ್‌ನಲ್ಲಿ ಬೆಂಕಿ ಆರಿಸುವ ಒಂದೇ ತಂಡದ 19 ಮಂದಿ, ಆಗಲೇ ಹುಲ್ಲು-ಕುರುಚಲು ಉರಿದು ಕರಿಯಾಗಿದ್ದ ಸುರಕ್ಷಿತ ಜಾಗ ಬಿಟ್ಟು ಕುರುಚಲಿನ ತಗ್ಗಿಗೆ ಇಳಿದಿದ್ದರು. ಗುಡುಗು ಮೋಡದ ಗಾಳಿ ಬೆಂಕಿಯನ್ನು ಅವರತ್ತ ತಿರುಗಿಸಿತು, 19 ಮಂದಿಯೂ ಸತ್ತರು. ಕಾವಲಿಗಿದ್ದವನು ಅದಕ್ಕೆ ಮೊದಲೇ ತನ್ನ ಜಾಗ ಬಿಡಬೇಕಾಗಿ ಬಂದಿತ್ತು. ಆ ತಂಡದಲ್ಲಿ ಬದುಕಿದ್ದು ಅವನೊಬ್ಬನೇ.

ಅಲ್ಲಿನವರು ದುರಂತದ ಜಾಗದಲ್ಲೇ ನಡೆದು ಕಲಿಯುತ್ತಾರೆ, ಅದಕ್ಕೆ ಸ್ಟಾಫ್ ರೈಡ್ ಎನ್ನುತ್ತಾರೆ. ನಾವು ಹತ್ತಿರದ ಪದವಿಗೇ ಹೋಗೋಣ. ಒಂದೊಂದು ಕಡೆ ನಿಂತು, ಈಗ ಗಾಳಿ ತಿರುಗಿದರೆ ಯಾವ ಕಡೆ ಓಡುವುದು ಅಂತ ಪ್ರತಿಯೊಬ್ಬರೂ ಬೆರಳು ತೋರಿಸಲಿ. ಬೆರಳುಗಳು ಬೇರೆ ಬೇರೆ ದಿಕ್ಕಿಗೆ ಹೋದರೆ ಚರ್ಚೆ ಅಲ್ಲಿಂದಲೇ ಶುರು ಮಾಡಿ.