ಕೋಕಾ ಬೆಳೆಯದ ಈಕ್ವೆಡಾರ್‌ನಲ್ಲಿ ಇಷ್ಟೊಂದು ಕೊಲೆ ಯಾಕೆ?

ಪ್ರಶ್ನೆ: ಕೊಕೇನ್ ತಯಾರಾಗುವುದು ಕೊಲಂಬಿಯಾ, ಪೆರು ಕಡೆ. ಮಾದಕವಸ್ತು ಸಾಗಿಸುವ ದೊಡ್ಡ ಗ್ಯಾಂಗ್‌ಗಳು, ಅಂದರೆ ಕಾರ್ಟೆಲ್‌ಗಳು, ಇರುವುದು ಮೆಕ್ಸಿಕೋದಲ್ಲಿ. ಹಾಗಿದ್ದೂ ಈಕ್ವೆಡಾರ್ ಯಾಕೆ ಹೊತ್ತಿ ಉರಿಯುತ್ತಿದೆ?

ಉತ್ತರ: ಒಮ್ಮೆ ಭೂಪಟ ನೋಡಿ. ಕೊಕೇನ್ ತಯಾರಾಗುವುದು ಕೋಕಾ ಗಿಡದ ಎಲೆಯಿಂದ. ಜಗತ್ತಿನಲ್ಲಿ ಅತಿ ಹೆಚ್ಚು ಕೋಕಾ ಬೆಳೆಯುವುದು ಕೊಲಂಬಿಯಾದಲ್ಲಿ, ಆಮೇಲೆ ಪೆರುವಿನಲ್ಲಿ. ಈಕ್ವೆಡಾರ್ ಈ ಎರಡರ ನಡುವೆ ಸಿಕ್ಕಿಕೊಂಡಿದೆ. ಅಲ್ಲಿ ಕೋಕಾ ಬೆಳೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಗ್ವಾಯಾಕಿಲ್ ಎಂಬ ದೊಡ್ಡ ಬಂದರಿದೆ. ಈ ದಂಧೆಯಲ್ಲಿ ಗಿಡಕ್ಕಿಂತ ದಾರಿಗೇ ಬೆಲೆ ಜಾಸ್ತಿ.

ಬಾಳೆಹಣ್ಣಿನ ರಫ್ತಿನಲ್ಲಿ ಈಕ್ವೆಡಾರ್ ಜಗತ್ತಿಗೇ ಮೊದಲು. ಹಣ್ಣು ತುಂಬಿದ ಕಂಟೇನರ್‌ಗಳು ದಿನವೂ ಯುರೋಪಿಗೆ ಹೊರಡುತ್ತವೆ. ಬಾಳೆಹಣ್ಣು ಬೇಗ ಕೆಡುತ್ತದೆ, ಅಲ್ವಾ? ಒಂದೊಂದನ್ನೂ ತಡೆದು ಬಿಚ್ಚಿ ನೋಡುತ್ತಾ ಕೂರಲು ಆಗುವುದಿಲ್ಲ. ಹೀಗೆ ಆ್ಯಂಟ್‌ವರ್ಪ್, ರಾಟರ್‌ಡ್ಯಾಮ್ ಬಂದರುಗಳಿಗೆ ಹಣ್ಣಿನ ಜೊತೆ ಕೊಕೇನೂ ಹೋಗುತ್ತದೆ. ಸಾಲದ್ದಕ್ಕೆ, 2000ದಿಂದ ಅಲ್ಲಿ ಚಲಾವಣೆಯಲ್ಲಿರುವುದು ಅಮೆರಿಕದ ಡಾಲರ್. ಕಪ್ಪು ಹಣ ಸಾಗಿಸುವವರಿಗೆ ಅದೂ ಅನುಕೂಲವೇ.

ಇದೆಲ್ಲ ಮೊದಲೂ ಇತ್ತು. ಹಾಗಾದರೆ ಬದಲಾಗಿದ್ದೇನು? 2016ರಲ್ಲಿ ಕೊಲಂಬಿಯಾ ಸರ್ಕಾರ ಫಾರ್ಕ್ ಎಂಬ ಎಡಪಂಥೀಯ ಬಂಡುಕೋರ ಗೆರಿಲ್ಲಾಗಳ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡಿತು. ಈಕ್ವೆಡಾರ್ ಗಡಿಯ ಕೊಕೇನ್ ಸಾಗಣೆಯ ಮೇಲೆ ಹಿಡಿತ ಇಟ್ಟುಕೊಂಡಿದ್ದ ಫಾರ್ಕ್ ಆಯುಧ ಕೆಳಗಿಟ್ಟಿತು. ಆ ಜಾಗಕ್ಕೆ ಒಪ್ಪಂದ ಒಪ್ಪದ ಬಣಗಳು ನುಗ್ಗಿದವು. 2018ರಲ್ಲಿ ಅಂಥದ್ದೊಂದು ಬಣ ಗಡಿಯಲ್ಲಿ ವರದಿಗೆ ಹೋಗಿದ್ದ ಈಕ್ವೆಡಾರ್ ಪತ್ರಿಕೆಯೊಂದರ ಮೂವರನ್ನು ಅಪಹರಿಸಿ ಕೊಂದಿತು. ಒಂದು ದೇಶದ ಶಾಂತಿ ಪಕ್ಕದ ದೇಶಕ್ಕೆ ಹೊಸ ಭಯ ತಂದಿತು.

ಮೆಕ್ಸಿಕೋದ ಸಿನಾಲೋವಾ, ಹಲಿಸ್ಕೋ ಕಾರ್ಟೆಲ್‌ಗಳು ಮಾಡಿದ್ದು ಬೇರೆ ಥರದ ಕೆಲಸ. ಲಾಸ್ ಚೊನೆರೋಸ್, ಲಾಸ್ ಲೋಬೋಸ್‌ನಂಥ ಸ್ಥಳೀಯ ಗ್ಯಾಂಗ್‌ಗಳಿಗೆ ಸರಕು ಕಾಯುವ, ಸಾಗಿಸುವ ಗುತ್ತಿಗೆ ಕೊಟ್ಟವು. ಕೂಲಿಯ ಒಂದು ಭಾಗವನ್ನು ಕೊಕೇನ್ ರೂಪದಲ್ಲೇ ಕೊಟ್ಟವು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಹಾನಿ ಇಲ್ಲಿಂದಲೇ ಶುರುವಾಯಿತು. ಆ ಸರಕನ್ನು ಅಲ್ಲೇ ಮಾರಬೇಕು. ಮಾರಲು ಬೀದಿ ಬೇಕು. ಬೀದಿಗಾಗಿ ಗುಂಡು ಹಾರುತ್ತದೆ. ಆಮೇಲೆ ಅಂಗಡಿಯವರಿಂದ, ಬಸ್ಸಿನವರಿಂದ ಹಫ್ತಾ ವಸೂಲಿ. ಅದಕ್ಕೆ ಅಲ್ಲಿನವರು ಹೇಳುವ ಹೆಸರು 'ವಾಕುನಾ', ಅಂದರೆ ಲಸಿಕೆ. ಹಾಕಿಸಿಕೊಳ್ಳದಿದ್ದರೆ ಜೀವಕ್ಕೆ ಅಪಾಯ.

ಜೈಲುಗಳೂ ಗ್ಯಾಂಗ್‌ಗಳ ಕೈಗೆ ಹೋದವು. 2021ರ ಒಂದೇ ವರ್ಷದಲ್ಲಿ 300ಕ್ಕೂ ಹೆಚ್ಚು ಕೈದಿಗಳು ಜೈಲಿನೊಳಗೇ ಕೊಲೆಯಾದರು. 2019ರ ಹೊತ್ತಿಗೆ ಲಕ್ಷ ಜನರಿಗೆ ವರ್ಷಕ್ಕೆ ಸುಮಾರು 7 ಇದ್ದ ಕೊಲೆಗಳ ಪ್ರಮಾಣ 2023ರಲ್ಲಿ 40 ದಾಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಫರ್ನಾಂಡೋ ವಿಯಾವಿಸೆನ್ಸಿಯೋ ಅವರನ್ನು ರಾಜಧಾನಿ ಕೀಟೋದಲ್ಲಿ ಪ್ರಚಾರ ಸಭೆ ಮುಗಿಸಿ ಹೊರಬರುವಾಗ ಕೊಂದರು. 2024ರ ಜನವರಿ 9ರಂದು ಬಂದೂಕುಧಾರಿಗಳು ಗ್ವಾಯಾಕಿಲ್‌ನ ಟಿವಿ ಸ್ಟುಡಿಯೋಗೆ ನೇರ ಪ್ರಸಾರದ ನಡುವೆಯೇ ನುಗ್ಗಿದರು. ಅಧ್ಯಕ್ಷ ಡೇನಿಯಲ್ ನೊಬೋವಾ ದೇಶದಲ್ಲಿ 'ಆಂತರಿಕ ಸಶಸ್ತ್ರ ಸಂಘರ್ಷ' ಘೋಷಿಸಿ ಸೇನೆಯನ್ನು ಇಳಿಸಿದರು. ಕೂಡಲೇ ಪಕ್ಕದ ಪೆರು ತನ್ನ ಉತ್ತರ ಗಡಿಯಲ್ಲಿ ತುರ್ತು ಪರಿಸ್ಥಿತಿ ಹೇರಿತು.

ಜನರಂತೂ ಊರು ಬಿಡುತ್ತಿದ್ದಾರೆ. ಕೊಲಂಬಿಯಾ ಮತ್ತು ಪನಾಮಾ ನಡುವಿನ ಡೇರಿಯನ್ ಕಾಡನ್ನು 2023ರಲ್ಲಿ ನಡೆದು ದಾಟಿದವರಲ್ಲಿ ವೆನೆಜುವೆಲಾದವರನ್ನು ಬಿಟ್ಟರೆ ಅತಿ ಹೆಚ್ಚು ಜನ ಈಕ್ವೆಡಾರ್‌ನವರು, 50,000ಕ್ಕೂ ಜಾಸ್ತಿ. ಅವರಲ್ಲಿ ಮಕ್ಕಳನ್ನು ಎತ್ತಿಕೊಂಡು ನಡೆದವರೂ ಇದ್ದರು. ಹೊರಟಿದ್ದು ಅಮೆರಿಕದ ಕಡೆಗೆ.